ಲಾಭ, ಎರಡು, ಮೂರು

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ನಮ್ಮ ಮನೆಯಲ್ಲಿ ಎಲ್ಲರೂ ನನ್ನನ್ನು ಬೈಯುತ್ತಿದ್ದರು. ಬೈಗುಳದಲ್ಲಿ ಸುಳ್ಳಿರಲಿಲ್ಲ. ಮುದ್ದೆ ನುಂಗುವಾಗಲೂ ನನಗೆ ಅವಸರ, ಜಡೆ ಹಾಕಿಸಿಕೊಳ್ಳುವಾಗ ಅವ್ವ ಕೊನೆಯ ಗಂಟು ಬಿಗಿಯುವ ಮೊದಲೇ ಎದ್ದು ಓಡುತ್ತಿದ್ದೆ. ಅಂಥವಳಿಗೆ ಹದಿನೆಂಟನೇ ವಯಸ್ಸಿನಲ್ಲಿ ಎಂಟು ತಿಂಗಳು ಹಾಸಿಗೆ ಬಿಟ್ಟು ಏಳಬೇಡ ಎಂದರು. ಆ ಎಂಟು ತಿಂಗಳ ವಿಷಯ ಇದು. ಕಾಯಿಲೆಯ ವಿವರ ಬೇಕಾದವರು ಡಾಕ್ಟರನ್ನು ಕೇಳಿಕೊಳ್ಳಲಿ. ನಾನು ಬರೆಯುತ್ತಿರುವುದು, ಈ ಹೊತ್ತಿನಲ್ಲಿ ಎಲ್ಲೋ ಒಂದು ಕೋಣೆಯಲ್ಲಿ ಮಲಗಿ ಜಂತೆ ಎಣಿಸುತ್ತಾ, ನನಗೊಬ್ಬಳಿಗೇ ಯಾಕೆ ಹೀಗೆ ಎಂದು ಸಿಡುಕುತ್ತಿರುವವರಿಗೆ. ಸಿಡುಕಿ, ತಪ್ಪಿಲ್ಲ. ನಾನೂ ಬೇಕಾದಷ್ಟು ಸಿಡುಕಿದ್ದೇನೆ.

ನಮ್ಮದು ಕುಣಿಗಲ್ ತಾಲ್ಲೂಕಿನ ಅಮೃತೂರು. ಅಪ್ಪನಿಗೆ ಒಂದಿಷ್ಟು ತೆಂಗಿನ ತೋಟ, ರಾಗಿ ಬೆಳೆಯುವ ಹೊಲ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ನಾನು ತುಮಕೂರಿಗೆ ಹೋಗಿ ನರ್ಸಿಂಗ್ ಕಲಿಯುತ್ತೇನೆ ಎಂದು ಹಟ ಹಿಡಿದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು, ನಮ್ಮ ಕಡೆ ಹೆಣ್ಣುಮಕ್ಕಳು ಆ ಕೆಲಸಕ್ಕೆ ಹೋಗುತ್ತಿರಲಿಲ್ಲ. ಕಂಡವರ ಹೇಸಿಗೆ ಬಳಿಯೋಕೆ ನಿನ್ನ ಹೆತ್ತಿದ್ದಾ ಎಂದು ಅವ್ವ ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಅಪ್ಪ ತೀರ್ಪು ಕೊಟ್ಟ.

"ಓಗು. ಆದ್ರೆ ಮಧ್ಯದಲ್ಲಿ ಬುಟ್ಟು ಮನೆಗೆ ಬಂದೆ ಅಂದ್ರೆ, ಮತ್ತೆ ಆ ಬಸ್ ಹತ್ತೋ ಮಾತಿಲ್ಲ."

ನನ್ನ ಅಣ್ಣ ರಂಗಣ್ಣ, ಮದುವೆಯಲ್ಲಿ ಅವನ ಮಾವ ಕೊಟ್ಟಿದ್ದ ಕೈಗಡಿಯಾರವನ್ನು ಬಿಚ್ಚಿ ನನಗೆ ಕೊಟ್ಟ. ನಾಡಿ ನೋಡಲು ಸೆಕೆಂಡಿನ ಮುಳ್ಳಿರುವ ವಾಚು ಬೇಕೆಂದು ಆಸ್ಪತ್ರೆಯವರು ಬರೆದಿದ್ದರು. ಅತ್ತಿಗೆಯ ಮುಖ ನೋಡಲಾರದೆ ನಾನು ಬೇಗ ಬೇಗ ಟ್ರಂಕು ಎತ್ತಿಕೊಂಡೆ. ಅವ್ವ ಬಸ್ ಸ್ಟ್ಯಾಂಡಿಗೆ ಬರಲಿಲ್ಲ, ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಕೂತಿದ್ದಳು.

ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ತಪ್ಪು ಮಾಡಿದವಳು ನಾನು, ಅದಕ್ಕೇಕೆ ಕೆಟ್ಟ ಹೆಸರು. ನಮಗೆ ಕಲಿಸುತ್ತಿದ್ದವರು ಸಿಸ್ಟರ್ ಗ್ರೇಸ್. ಸಣ್ಣ ಆಳು, ದೊಡ್ಡ ಕಿವಿ. ವಾರ್ಡಿನ ಆ ತುದಿಯಲ್ಲಿ ಬೆಡ್‌ಪ್ಯಾನ್ ಸದ್ದಾದರೆ ಈ ತುದಿಯಲ್ಲಿ ನಿಂತು, ಯಾರದು, ಮುಚ್ಚಿದ್ದೀರಾ ಎಂದು ಕೇಳುತ್ತಿದ್ದರು. ಮೊದಲ ತಿಂಗಳೆಲ್ಲ ಹಾಸಿಗೆಯ ಮೂಲೆ ಮಡಿಸುವುದು, ಮಲಗಿದವರನ್ನು ಏಳಿಸದೆ ಬಟ್ಟೆ ಬದಲಿಸುವುದು, ಬಿಸಿನೀರಲ್ಲಿ ಮೈ ಒರೆಸುವುದು. ಇದೆಲ್ಲ ನನಗೆ ಬಲು ಸಲೀಸು, ಓಡಾಡುವ ಕೆಲಸವಲ್ಲವೇ. ಆಮೇಲೆ ಬಂತು ಜ್ವರ, ನಾಡಿ, ಉಸಿರು. ಮೂರನ್ನೂ ದಿನಕ್ಕೆರಡು ಸಲ ನೋಡಿ ಮಂಚದ ತುದಿಗೆ ನೇತುಹಾಕಿದ ಚಾರ್ಟಿನಲ್ಲಿ ಬರೆಯಬೇಕು.

ಮೊದಲೆರಡರಲ್ಲಿ ಹೇಗೋ ಪಾರಾದೆ. ಉಸಿರಿನ ಹತ್ತಿರ ಬಂದಾಗ ಸಿಸ್ಟರ್ ಒಂದು ಗುಟ್ಟು ಹೇಳಿಕೊಟ್ಟರು.

"ಉಸಿರು ಎಣಿಸ್ತೀನಿ ಅಂತ ರೋಗಿಗೆ ಹೇಳಬೇಡಿ. ಹೇಳಿದ ಕೂಡಲೇ ಅವರು ಉಸಿರಾಡೋ ರೀತಿನೇ ಬದಲಾಗತ್ತೆ. ನಾಡಿ ನೋಡಿದ ಕೈ ಅಲ್ಲೇ ಇರಲಿ, ನಾಡಿನೇ ನೋಡ್ತಿದ್ದೀರಿ ಅಂದುಕೊಳ್ಳಲಿ. ನಿಮ್ಮ ಕಣ್ಣು ಮಾತ್ರ ಎದೆ ಮೇಲಿರಬೇಕು. ಪೂರ್ತಿ ಒಂದು ನಿಮಿಷ."

ಪೂರ್ತಿ ಒಂದು ನಿಮಿಷ ಎಷ್ಟು ಉದ್ದ ಎಂದು ಸುಮ್ಮನೆ ನಿಂತು ನೋಡಿದವರಿಗೇ ಗೊತ್ತು. ಇಪ್ಪತ್ತನಾಲ್ಕು ಮಂಚ, ಒಂದೊಂದರ ಪಕ್ಕ ಒಂದೊಂದು ನಿಮಿಷ ಕೈ ಹಿಡಿದು ಕಂಬದ ಹಾಗೆ ನಿಲ್ಲುವುದೆಂದರೆ ನನ್ನ ಅಂಗಾಲು ಉರಿಯುತ್ತಿತ್ತು. ನಾಡಿಯನ್ನು ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದೆ. ಉಸಿರನ್ನು ಎಣಿಸುತ್ತಲೇ ಇರಲಿಲ್ಲ. ಎಲ್ಲರಿಗೂ ಇಪ್ಪತ್ತು ಎಂದು ಬರೆಯುತ್ತಿದ್ದೆ. ಚೆನ್ನಾಗಿರುವವರು ಹೆಚ್ಚುಕಡಿಮೆ ಅಷ್ಟೇ ಉಸಿರಾಡುತ್ತಾರೆಂದು ಪುಸ್ತಕದಲ್ಲೇ ಇತ್ತು. ಚೆನ್ನಾಗಿರುವವರು ಆಸ್ಪತ್ರೆಗೆ ಯಾಕೆ ಬಂದು ಮಲಗುತ್ತಾರೆ ಎಂದು ನನಗೆ ಹೊಳೆಯಲಿಲ್ಲ.

ಹನುಮಕ್ಕ ಬಂದದ್ದು ಆಗ. ಗುಬ್ಬಿ ತಾಲ್ಲೂಕು ಸಿ.ಎಸ್. ಪುರದ ಕಡೆಯ ಮುದುಕಿ. ನ್ಯುಮೋನಿಯಾ ಆಗಿತ್ತು. ದಿಂಬನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಒರಗಿ ಕೂತಿರುತ್ತಿದ್ದಳು. ಒಂದು ಸಂಜೆ ನಾನು ಅವಳ ಕೈ ಹಿಡಿದು, ನಾಡಿ ಗುಣಿಸಿ, ಉಸಿರು ಇಪ್ಪತ್ತು ಎಂದು ಬರೆದು ಮುಂದಿನ ಮಂಚಕ್ಕೆ ಹೋದೆ. ಇನ್ನೊಂದ್ ಗಳಿಗೆ ಇಡ್ಕಳವ್ವ ಅಂದಳು. ಕೆಲಸ ಇದೆ ಅಜ್ಜಿ ಅಂದೆ. ಹತ್ತು ನಿಮಿಷ ಕಳೆದಿರಲಿಲ್ಲ, ಸಿಸ್ಟರ್ ಗ್ರೇಸ್ ಬಂದು ಅವಳ ಪಕ್ಕ ನಿಂತರು. ವಾಚು ನೋಡಿದರು, ಚಾರ್ಟು ನೋಡಿದರು, ಡಾಕ್ಟರಿಗೆ ಆಳು ಓಡಿಸಿದರು. ಹನುಮಕ್ಕನ ಉಸಿರು ನಿಮಿಷಕ್ಕೆ ನಲವತ್ತು ದಾಟಿತ್ತು.

ಆಕ್ಸಿಜನ್ ಸಿಲಿಂಡರ್ ಉರುಳಿಸಿಕೊಂಡು ಬಂದರು, ಸೂಜಿಯ ಮೇಲೆ ಸೂಜಿ ಕೊಟ್ಟರು. ಅವಳು ಬದುಕಿದಳು. ಬದುಕಿದ್ದು ಸಿಸ್ಟರ್ ಆ ಕಡೆ ಬಂದದ್ದರಿಂದ, ನನ್ನಿಂದಲ್ಲ. ಸಿಸ್ಟರ್ ನನ್ನನ್ನು ಕಾರಿಡಾರಿಗೆ ಕರೆದು ಚಾರ್ಟುಗಳನ್ನೆಲ್ಲ ಒಂದರ ಮೇಲೊಂದು ಇಟ್ಟರು.

"ಜಯಮ್ಮ, ಈ ವಾರ್ಡಿನವರೆಲ್ಲ ಸೇರಿ ಭಜನಾ ಮಂಡಳಿ ಮಾಡಿಕೊಂಡಿದ್ದಾರಾ? ಇಪ್ಪತ್ತನಾಲ್ಕು ಜನ ಒಂದೇ ತಾಳದಲ್ಲಿ ಉಸಿರಾಡ್ತಿದ್ದಾರಲ್ಲ."

ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದ್ದಕ್ಕೆ ಇಂದಿಗೂ ನೆನೆದಾಗ ಮುಖ ಬಿಸಿಯಾಗುತ್ತದೆ. ಶಿಕ್ಷೆಯೆಂದರೆ, ಹನುಮಕ್ಕ ಏಳುವವರೆಗೆ ಹಗಲು ಗಂಟೆಗೊಂದು ಸಲ ಅವಳ ಪಕ್ಕ ಕೂತು ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಕೂತೆ. ಹನುಮಕ್ಕನಿಗೆ ಕೈ ಹಿಡಿಸಿಕೊಳ್ಳುವುದೆಂದರೆ ಬಲು ಇಷ್ಟ. ನಾಲ್ಕನೇ ದಿನ ಸಂಜೆ ಅವಳೇ ತನ್ನ ಇನ್ನೊಂದು ಕೈಯನ್ನು ನನ್ನ ಕೈ ಮೇಲಿಟ್ಟಳು.

"ನಿನ್ ಕೈ ಯಾಕವ್ವ ಇಂಗೆ ಸುಡ್ತೈತೆ?"

ನನಗೆ ಗೊತ್ತಿತ್ತು. ಮೂರು ವಾರದಿಂದ ಸಂಜೆಯಾದರೆ ಸಣ್ಣ ಜ್ವರ, ಒಣ ಕೆಮ್ಮು, ನಕ್ಕರೆ ಎಡಪಕ್ಕೆಯಲ್ಲಿ ಚಳುಕು. ಹಾಸಿಗೆ ಎತ್ತಿ ಎತ್ತಿ ಪಕ್ಕೆ ಉಳುಕಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಜ್ವರ ಎಂದು ಬಾಯಿ ಬಿಟ್ಟರೆ ರಜೆ, ರಜೆ ಎಂದರೆ ಅಮೃತೂರು, ಅಮೃತೂರಿಗೆ ಹೋದರೆ ಅಪ್ಪನ ಮಾತು. ಮತ್ತೆ ಬಸ್ ಹತ್ತುವಂತಿಲ್ಲ. ಸುಮ್ಮನಿರು ಅಜ್ಜಿ, ಯಾರಿಗೂ ಹೇಳಬೇಡ ಎಂದು ಕೈ ಕಿತ್ತುಕೊಂಡೆ. ವಾರ್ಡಿನಲ್ಲಿ ಗುಟ್ಟು ಅನ್ನುವುದು ಯಾವುದೂ ಇಲ್ಲ, ನನ್ನ ಇಪ್ಪತ್ತರ ಕಥೆ ಅವಳ ಕಿವಿಗೂ ಬಿದ್ದಿತ್ತು.

"ಯೋಳ್ಬ್ಯಾಡ ಅಂದ್ರೆ ಯೋಳಲ್ಲ ಬುಡು. ನನ್ ಉಸ್ರು ಸುಳ್ ಬರ್ದೆ, ಸಿಸ್ಟ್ರಮ್ಮ ನೋಡ್ಕಂಡ್ರು. ನಿನ್ ಜ್ವರ ಸುಳ್ ಬರ್ಕಂಡ್ರೆ ಯಾರ್ ನೋಡ್ಕತಾರೆ ಮಗ?"

ಅವಳು ಹೇಳಲಿಲ್ಲ. ನನ್ನ ಕೆಮ್ಮು ಹೇಳಿತು. ಸಿಸ್ಟರ್ ಗ್ರೇಸ್ ನನ್ನನ್ನು ಕರೆದು, ಮೂರು ದಿನ ಸಂಜೆ ತಮ್ಮ ರೂಮಿಗೆ ಬಂದು ಥರ್ಮಾಮೀಟರ್ ಇಡಿಸಿಕೊಳ್ಳಬೇಕು ಎಂದರು. ಆ ರೂಮಿನ ಹೊರಗೆ ಮಣ್ಣಿನ ಹೂಜಿ ಇತ್ತು. ತಣ್ಣೀರು ಬಾಯಿಗೆ ಹಾಕಿಕೊಂಡು ಎರಡು ನಿಮಿಷ ಹಾಗೇ ಇಟ್ಟುಕೊಂಡರೆ ಪಾದರಸ ಮೇಲೇರುವುದಿಲ್ಲ ಎಂದು ಅವರೇ ಪಾಠದಲ್ಲಿ ಹೇಳಿದ್ದರು, ಈಗಷ್ಟೇ ತಣ್ಣೀರು ಕುಡಿದಿದ್ದೀರಾ ಎಂದು ರೋಗಿಗಳನ್ನು ಮೊದಲು ಕೇಳಿಕೊಳ್ಳಿ ಎಂದು. ಮೊದಲ ದಿನ ಪಾರಾದೆ. ಎರಡನೇ ದಿನವೂ ಪಾರಾದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ಮೂರನೇ ದಿನವೂ ನೀರು ತುಂಬಿಕೊಂಡು ಹೋದೆ.

ಸಿಸ್ಟರ್ ಥರ್ಮಾಮೀಟರ್ ತೆಗೆದು ನೋಡಿದರು. ಜ್ವರ ಇಲ್ಲ ಎಂದರು. ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಆಮೇಲೂ ಕೈ ಬಿಡಲಿಲ್ಲ. ಹಾಗೇ ಹಿಡಿದುಕೊಂಡು ನಿಂತಿದ್ದರು. ಮನೆ ಬಿಟ್ಟು ಬಂದಾಗಿನಿಂದ ಯಾರೂ ನನ್ನ ಕೈಯನ್ನು ಅಷ್ಟು ಹೊತ್ತು ಹಿಡಿದಿರಲಿಲ್ಲ. ಈ ಬಿಗುಮುಖದ ಹೆಂಗಸಿಗೆ ನನ್ನ ಮೇಲೆ ಪ್ರೀತಿ ಇದೆಯಲ್ಲ ಎಂದು ಕಣ್ಣು ತುಂಬಿತು.

"ಮೂವತ್ತನಾಲ್ಕು," ಅಂದರು. "ಬಾಯಿಗೆ ತಣ್ಣೀರು ಹಾಕ್ಕೋಬಹುದು ಜಯಮ್ಮ. ಉಸಿರಿಗೆ ಏನು ಹಾಕ್ತೀಯ?"

ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಆ ಬೆಂಚಿಗೆ ಒಂದು ಕಾಲು ಗಿಡ್ಡ. ಪಕ್ಕದಲ್ಲಿದ್ದವರು ಕೆಮ್ಮಿದರೆ ನಾನೂ ಅಲುಗಾಡುತ್ತಿದ್ದೆ. ಆರು ಸಲ ಎದ್ದೆ, ಆರು ಸಲ ಕೂತೆ. ಪ್ಲೇಟು ನೋಡಿದ ಡಾಕ್ಟರು ಪಕ್ಕೆಯಲ್ಲಿ ನೀರು ತುಂಬಿದೆ ಎಂದರು. ಮರುದಿನ ಕುರ್ಚಿಯ ಬೆನ್ನಿನ ಮೇಲೆ ನನ್ನನ್ನು ಒರಗಿಸಿ ಬೆನ್ನ ಕಡೆಯಿಂದ ಸೂಜಿ ಹಾಕಿ ಅದನ್ನು ತೆಗೆದರು. ಅಲುಗಾಡಬೇಡ ಅಂದರು. ಹುಟ್ಟಿದಾಗಿನಿಂದ ನನಗೆ ಎಲ್ಲರೂ ಹೇಳುತ್ತಿದ್ದುದೂ ಅದೇ, ಪಾಲಿಸಿದ್ದು ಮಾತ್ರ ಅವತ್ತೇ ಮೊದಲು. ಜಾಡಿ ತುಂಬ ತಿಳಿಸಾರಿನ ಬಣ್ಣದ ನೀರು ಬಂತು. ನನ್ನ ಮುಂದೆ ಮಂಡಿಯೂರಿ ಕೂತು ಎರಡೂ ಕೈ ಹಿಡಿದುಕೊಂಡಿದ್ದ ಸಿಸ್ಟರ್ ಗ್ರೇಸ್, ಎಷ್ಟು ನಿಮಿಷವಾಯಿತು ಎಂದು ಒಂದು ಸಲವೂ ವಾಚು ನೋಡಲಿಲ್ಲ.

ಅದು ಟೀಬಿಯ ನೀರು ಎಂದರು. ಕ್ಷಯ ಎಂಬ ಮಾತನ್ನು ನಮ್ಮೂರಲ್ಲಿ ದನಿ ತಗ್ಗಿಸಿ ಹೇಳುತ್ತಿದ್ದರು, ಜೋರಾಗಿ ಹೇಳಿದರೆ ಅದು ಕೇಳಿಸಿಕೊಂಡು ಮನೆಗೆ ಬರುತ್ತದೆ ಅನ್ನುವ ಹಾಗೆ. ಸಾಯುತ್ತೇನೆ ಎಂದು ನನಗೆ ಭಯವಾಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚು ಭಯವಾದದ್ದು ಬದುಕಿ ಮನೆಯಲ್ಲೇ ಉಳಿದುಬಿಡುತ್ತೇನೆ ಎಂದು. ನಿನ್ನ ಕಾಯಿಲೆ ವಾಸಿಯಾಗುವಂಥದ್ದು ಎಂದು ಸಿಸ್ಟರ್ ಹೇಳಿದರು. ಮಲಗಿರಬೇಕು, ಸೂಜಿ ಮಾತ್ರೆ ತಪ್ಪಿಸಬಾರದು. ಚಾರ್ಟು ಸರಿಹೋಗಿ ಎಕ್ಸ್‌ರೇ ಚೊಕ್ಕಟವಾದರೆ ಮುಂದಿನ ಆಷಾಢದಲ್ಲಿ ಸೇರುವ ಹೊಸ ಬ್ಯಾಚಿನಲ್ಲಿ ನಿನಗೆ ಜಾಗ ಕೊಡಿಸುವುದು ನನ್ನ ಜವಾಬ್ದಾರಿ ಎಂದರು.

ಕಾಗದ ಕಂಡು ಅಪ್ಪ ಬಂದ. ವಾರ್ಡಿನ ಬಾಗಿಲಲ್ಲೇ ನಿಂತು, ಹೆಗಲ ಮೇಲಿನ ಟವಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡು, ಊಟ ಮಾಡಿದ್ಯಾ ಎಂದು ಕೇಳಿದ. ಬೇರೆ ಏನನ್ನೂ ಕೇಳಲಿಲ್ಲ. ಬಸ್ಸಿನಲ್ಲಿ ಗಾಳಿ ಹೊಡೆಯುತ್ತದೆಂದು ಆ ಟವಲನ್ನೇ ನನ್ನ ತಲೆಗೆ ಸುತ್ತಿದ. ಕುಣಿಗಲ್ಲಿನಲ್ಲಿ ಹತ್ತಿದ ಪರಿಚಯದವರೊಬ್ಬರು ಮಗಳು ಯಾಕೆ ಬಂದಳು ಎಂದು ಕೇಳಿದ್ದಕ್ಕೆ, ರಜ ಎಂದ. ನಾನು ಕಿಟಕಿಯ ಕಡೆ ತಿರುಗಿ ಅತ್ತೆ. ಮಧ್ಯದಲ್ಲಿ ಬಿಟ್ಟು ಬಂದೆ ಎಂದು ಅವನು ಅನ್ನಲಿಲ್ಲ. ಅನ್ನುವ ಅಗತ್ಯವೂ ಇರಲಿಲ್ಲ.

ರಾಗಿ ಮೂಟೆ ಪೇರಿಸಿದ್ದ ಪಕ್ಕದ ಕೋಣೆಯಲ್ಲಿ ನನಗೆ ಮಂಚ ಹಾಕಿದರು. ನನ್ನ ತಟ್ಟೆ ಬೇರೆ, ಲೋಟ ಬೇರೆ. ಕೈಗೂಸು ಇದ್ದ ಅತ್ತಿಗೆ ಊಟವನ್ನು ಹೊಸಿಲ ಮೇಲಿಟ್ಟು ಹೋಗುತ್ತಿದ್ದಳು. ಬೇಜಾರಾಗುತ್ತಿತ್ತು, ಆದರೆ ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಒಂದು ತಿಂಗಳಾದ ಮೇಲೆ ಅವಳೇ ಹೊಸಿಲ ಆಚೆ ಕೂತು, ಮಗುವಿಗೆ ಹಾಲು ಕುಡಿಸುತ್ತಾ, ಹಾಸ್ಟೆಲಿನ ಹುಡುಗಿಯರ ಕಥೆ ಹೇಳು ಅನ್ನುವುದಕ್ಕೆ ಶುರುಮಾಡಿದಳು. ಕಾಂಪೌಂಡರು ಸೈಕಲ್ಲಿನಲ್ಲಿ ಬಂದು ಸೂಜಿ ಚುಚ್ಚಿ ಹೋಗುತ್ತಿದ್ದರು. ತಿಂಗಳಿಗೊಮ್ಮೆ ಕುಣಿಗಲ್ಲಿಗೆ ಹೋದರೆ ಅಲ್ಲಿನ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಪರವಾಗಿಲ್ಲ ಮಲಗು, ಅನ್ನುತ್ತಿದ್ದರು.

ಮಲಗುವುದೇ ನನಗೆ ಬಾರದ ವಿದ್ಯೆ. ಜಂತೆ ಎಣಿಸಿದೆ, ಹೆಂಚು ಎಣಿಸಿದೆ, ಹೊರಗೆ ಬಿದ್ದ ತೆಂಗಿನಕಾಯಿಯ ಸದ್ದು ಎಣಿಸಿದೆ. ಹೊದಿಕೆಯನ್ನು ಮಡಿಸಿ ಬಿಚ್ಚಿ ಮಡಿಸಿದೆ. ಯಾರಾದರೂ ಬಂದರೆ ಯಾಕೆ ಬಂದರೆಂದು ಸಿಟ್ಟು, ಬರದಿದ್ದರೆ ಯಾಕೆ ಬರಲಿಲ್ಲವೆಂದು ಸಿಟ್ಟು. ಔಷಧಿಯ ಕಹಿ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ಅವ್ವ ತಂದರೆ ಲೋಟ ಎಸೆದದ್ದೂ ಉಂಟು. ಎಸೆದ ಲೋಟವನ್ನು ಅವ್ವ ತೊಳೆದು ಮತ್ತೆ ಕಲಸಿ ತರುತ್ತಿದ್ದಳು.

ಆ ಹೊತ್ತಿಗೆ ಸಿಸ್ಟರ್ ಗ್ರೇಸ್ ಅವರಿಂದ ಕಾರ್ಡು ಬಂತು. ದಿನಾ ಮಧ್ಯಾಹ್ನ ಜ್ವರ, ನಾಡಿ, ಉಸಿರು ಬರೆದು ವಾರಕ್ಕೊಮ್ಮೆ ಕಳಿಸು. ಜ್ವರ, ನಾಡಿ ನೀನೇ ನೋಡಿಕೋ. ಉಸಿರು ಮಾತ್ರ ನೀನು ಎಣಿಸಿಕೊಳ್ಳಬೇಡ, ತನ್ನ ಉಸಿರು ತನಗೆ ಸಿಗುವುದಿಲ್ಲ, ಮನೆಯವರಲ್ಲಿ ಯಾರಾದರೂ ಎಣಿಸಲಿ, ಎಂದಿತ್ತು. ಅಣ್ಣ ತೋಟಕ್ಕೆ ಹೋಗುವವನು, ಅತ್ತಿಗೆ ಹೊಸಿಲು ದಾಟುವುದಿಲ್ಲ. ಉಳಿದವಳು ಅವ್ವ. ಅವಳಿಗೆ ಗಡಿಯಾರ ನೋಡಲು ಬಾರದು. ಓಡುತ್ತಿರುವ ಈ ಸಣ್ಣ ಕಡ್ಡಿ ಹೊರಟ ಜಾಗಕ್ಕೇ ವಾಪಸ್ ಬರುವ ತನಕ ಎಣಿಸಬೇಕು ಎಂದು ಹೇಳಿಕೊಟ್ಟೆ. ಕೈ ಹಿಡಿದುಕೊಂಡು ನಾಡಿ ನೋಡುವ ಹಾಗೆ ನಟಿಸಬೇಕು, ನಾನು ತೂಕಡಿಸುವಾಗ ಎಣಿಸಿದರೆ ಇನ್ನೂ ವಾಸಿ ಎಂದೆ. ನಾನು ಹೇಗೆ ಎಲ್ಲರಿಗೂ ಇಪ್ಪತ್ತು ಬರೆದೆ, ಹೇಗೆ ಸಿಕ್ಕಿಬಿದ್ದೆ ಎಂಬುದನ್ನೂ ನಗಾಡುತ್ತಾ ಹೇಳಿದೆ. ಅವಳು ನಗಲಿಲ್ಲ. ಆ ಅಜ್ಜಿ ಉಳಕೊಂಡ್ಲಾ ಎಂದು ಮಾತ್ರ ಕೇಳಿದಳು.

ಮೊದಲ ದಿನ ಎಣಿಕೆ ಕೇಳಿ ನನಗೇ ನಗು ತಡೆಯಲಾಗಲಿಲ್ಲ. ಅವ್ವ ಒಂದು ಅನ್ನಲಿಲ್ಲ, ಲಾಭ ಅಂದಳು. ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಯಾರೂ ಒಂದು ಅನ್ನುವುದಿಲ್ಲ. ಲಾಭ, ಎರಡು, ಮೂರು ಎಂದೇ ಅಳೆಯುವುದು, ಮನೆಗೆ ಬರುವುದು ಶುಭವಾಗಿ ಬರಲಿ ಎಂದು. ಅವ್ವನಿಗೆ ಗೊತ್ತಿದ್ದ ಎಣಿಕೆ ಅದೊಂದೇ. ಉಸಿರನ್ನು ರಾಗಿ ಅಳೆದ ಹಾಗೆ ಅಳೀತೀಯಲ್ಲವ್ವ ಅಂದೆ. ರಾಗಿಗಿಂತ ಕಮ್ಮೀನಾ ಅದು ಅಂದಳು.

ಸಂಕ್ರಾಂತಿ ಹೊತ್ತಿಗೆ ಜ್ವರ ಬಿಟ್ಟಿತು. ಶಿವರಾತ್ರಿ ಹೊತ್ತಿಗೆ ನಾಡಿ ದಾರಿಗೆ ಬಂತು, ಪಕ್ಕೆಯ ಚಳುಕೂ ಹೋಯಿತು, ಮುದ್ದೆ ಎರಡಾಯಿತು. ಉಸಿರು ಮಾತ್ರ ಮೂವತ್ತೆರಡರಿಂದ ಇಪ್ಪತ್ತೆಂಟಕ್ಕೆ ಇಳಿದು ಅಲ್ಲೇ ಕೂತುಬಿಟ್ಟಿತು. ಯುಗಾದಿ ಬಂತು, ಹೋಯಿತು, ಇಪ್ಪತ್ತೆಂಟು. ಅವ್ವ ಹೇಳಿದ್ದನ್ನು ಬರೆದು ಬರೆದು ಕಳಿಸುತ್ತಿದ್ದೆ. ಒಂದು ಶ್ವಾಸಕೋಶ ಮುದುಡಿಯೇ ಹೋಗಿದೆಯೇನೋ, ಇನ್ನು ಯಾವ ಆಷಾಢ, ಯಾವ ಬ್ಯಾಚು ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ನಾನು ನಿಜವಾಗಿ ಸೋತದ್ದು ಆ ದಿನಗಳಲ್ಲಿ. ಲೋಟ ಎಸೆಯುವುದನ್ನೂ ಬಿಟ್ಟಿದ್ದೆ.

ವೈಶಾಖದಲ್ಲಿ ಸಿಸ್ಟರ್ ಅವರ ಇನ್ನೊಂದು ಕಾರ್ಡು ಬಂತು. ಜ್ವರ, ನಾಡಿ ಎರಡೂ ಸರಿಹೋಗಿ ಉಸಿರು ಒಂದೇ ಇಪ್ಪತ್ತೆಂಟರಲ್ಲಿ ನಿಂತಿರುವುದು ಡಾಕ್ಟರಿಗೆ ಯೋಚನೆಯಾಗಿದೆ, ಹೀಗೇ ಇದ್ದರೆ ಮತ್ತೆ ಕರೆಸಿ ಸೂಜಿ ಹಾಕಿ ನೋಡಬೇಕಾಗಬಹುದು ಎಂದಿತ್ತು. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು. 'ನನಗೆ ಒಂದೇ ಸಂಖ್ಯೆಯ ಕಾಲಮ್ಮುಗಳನ್ನು ನೋಡಿ ಅಭ್ಯಾಸವಿದೆ ಜಯಮ್ಮ. ಎಣಿಸುತ್ತಿರುವವರು ಯಾರು?'

ತಾನು ಕಳ್ಳ, ಪರರ ನಂಬ. ಆ ಸಾಲು ಓದಿದ ಕೂಡಲೇ ನನಗೆ ಮೈಯೆಲ್ಲ ಇರುವೆ ಬಿಟ್ಟ ಹಾಗಾಯಿತು. ಅವ್ವನಿಗೆ ಕಾರ್ಡಿನ ವಿಷಯ ಹೇಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ನಿದ್ದೆ ಬಂದವಳ ಹಾಗೆ ಬಿದ್ದುಕೊಂಡೆ. ಅವ್ವ ಬಂದಳು. ಬಳೆ ಸದ್ದಾಗದ ಹಾಗೆ ಮೊಣಕೈ ಕಡೆಗೆ ಸರಿಸಿಕೊಂಡು ನನ್ನ ಕೈ ಹಿಡಿದಳು. ಪಿಸುದನಿಯಲ್ಲಿ ಎಣಿಸಲು ಶುರುಮಾಡಿದಳು. ಲಾಭ, ಎರಡು, ಮೂರು. ಉಸಿರನ್ನು ನಾನು ಹಿಡಿಯಲಿಲ್ಲ, ಎಳೆಯಲಿಲ್ಲ, ಅದರ ಪಾಡಿಗೆ ಬಿಟ್ಟೆ. ಹದಿನೇಳು, ಹದಿನೆಂಟು, ಹತ್ತೊಂಬತ್ತು. ಅಲ್ಲಿಗೆ ನಿಂತಿತು. ಆಮೇಲೆ ನನ್ನ ಭುಜ ತಟ್ಟಿ, ಬರ್ಕೊ, ಇಪ್ಪತ್ತೆಂಟು ಅಂದಳು.

ನಾನು ಎದ್ದು ಕೂತ ರಭಸಕ್ಕೆ ವಾಚು ಕೆಳಗೆ ಬಿತ್ತು. ಯಾಕವ್ವ ಎಂದು ಕೇಳಿದೆ. ಎಷ್ಟು ದಿನದಿಂದ ಎಂದು ಕೇಳಿದೆ. ಅವಳು ವಾಚನ್ನು ಎತ್ತಿ ಸೆರಗಿನಲ್ಲಿ ಒರೆಸಿ, ಕಿವಿ ಹತ್ತಿರ ಹಿಡಿದು ನಡೆಯುತ್ತಿದೆಯೇ ನೋಡಿದಳು. ಶಿವರಾತ್ರಿಯಿಂದ ಅಂದಳು. ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹೆತ್ತವಳಾಗಿ ಹೀಗೆ ಮಾಡಬಹುದಾ, ಸುಳ್ಳು ಹೇಳೋಕೆ ನಾಚಿಕೆ ಆಗಲಿಲ್ಲವಾ ಎಂದೆ. ಅದುವರೆಗೆ ತಲೆ ಬಗ್ಗಿಸಿದ್ದವಳು ಆಗ ತಲೆ ಎತ್ತಿದಳು.

"ನೀನೂ ಬರ್ದಿದ್ದೆ ಕಣೇ, ಇಪ್ಪತ್ತು ಅಂತ. ನಿಂಗೆ ಕೂರಕ್ಕೆ ಬ್ಯಾಸರ ಅಂತ ನೀ ಬರ್ದೆ. ನಂಗೆ ಭಯ ಅಂತ ನಾ ಯೋಳ್ದೆ. ವಾಸಿ ಆಯ್ತು ಅಂದ್ರೆ ಮತ್ತೆ ಅಲ್ಲೀಗೇ ಓಯ್ತೀಯ. ಅಲ್ಲಿಂದಾನೇ ತಂದ್ಕಂಡೆ ಇದನ್ನ. ಇನ್ನೊಂದ್ ಸಲ ತಂದ್ಕಂಡ್ರೆ ನಾ ಏನ್ ಮಾಡ್ಲಿ?"

ಕಾರ್ಡು ತೆಗೆದು ಅವಳಿಗೆ ಓದಿದೆ, ಸೂಜಿ ಹಾಕುವ ಸಾಲನ್ನೂ ಓದಿದೆ. ಬೆನ್ನಲ್ಲಿ ಆ ಸೂಜಿ ಹೋಗುವುದು ಹೇಗಿರುತ್ತದೆ ಎಂದು ಅವಳಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ, ಅವತ್ತು ಹೇಳಿದೆ. ಅವಳು ನನ್ನ ರವಿಕೆ ಸರಿಸಿ ಬೆನ್ನ ಮೇಲಿನ ಕಲೆಯನ್ನು ಬೆರಳಲ್ಲಿ ಮುಟ್ಟಿದಳು. ನನ್ನ ಬಾಯಿಂದ ಇದಾಗೋದಿತ್ತಾ ಎಂದು ಎರಡು ಸಲ ಅಂದಳು. ಆಮೇಲೆ ಇಬ್ಬರೂ ಅತ್ತೆವು, ಅದನ್ನು ಬಣ್ಣಿಸುವುದೇನಿದೆ. ಅವಳ ಮೇಲಿನ ಸಿಟ್ಟು ಇಳಿಯಲು ನನಗೆ ಒಂದು ವಾರ ಬೇಕಾಯಿತು. ನನ್ನ ಮೇಲಿನದು ಇಳಿಯಲು ಇನ್ನೂ ಹೆಚ್ಚು ದಿನ ಹಿಡಿಯಿತು, ಯಾಕೆಂದರೆ ಅವಳು ಸುಳ್ಳು ಹೇಳಲಾದರೂ ದಿನಾ ಪೂರ್ತಿ ಒಂದು ನಿಮಿಷ ಕೂತು ಎಣಿಸಿದ್ದಳು. ನಾನು ಅದನ್ನೂ ಮಾಡಿರಲಿಲ್ಲ.

ಸಿಸ್ಟರ್ ಅವರಿಗೆ ಇದ್ದದ್ದು ಇದ್ದ ಹಾಗೆ ಬರೆದೆ. ಅವರು ಉತ್ತರದಲ್ಲಿ ಆ ವಿಷಯ ಎತ್ತಲೇ ಇಲ್ಲ, ನಿಮ್ಮ ತಾಯಿಗೆ ನನ್ನ ನಮಸ್ಕಾರ ಎಂದು ಮಾತ್ರ ಬರೆದಿದ್ದರು. ತುಮಕೂರಿನಲ್ಲಿ ಎಕ್ಸ್‌ರೇ ತೆಗೆದರು. ಅದೇ ಬೆಂಚು, ಅದೇ ಗಿಡ್ಡ ಕಾಲು. ಈ ಸಲ ಒಂದೇ ಸಲ ಕೂತೆ, ಎದ್ದದ್ದು ಕರೆದಾಗಲೇ. ಎದೆ ಚೊಕ್ಕಟವಾಗಿತ್ತು. ಮಾತ್ರೆ ಇನ್ನೊಂದು ವರ್ಷ ನುಂಗಬೇಕು, ಆದರೆ ಬ್ಯಾಚಿಗೆ ಸೇರಬಹುದು ಎಂದರು.

ಉಳಿದದ್ದು ಅಪ್ಪನ ಮಾತು. ಅವನು ಅದನ್ನು ಮರೆತಿರಲಿಲ್ಲ. ಊಟಕ್ಕೆ ಕೂತಾಗ, ಬುಟ್ಟು ಬಂದಾಯ್ತಲ್ಲ, ಇನ್ನೇನು ಎಂದ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಮುದ್ದೆ ಬಡಿಸುತ್ತಾ, ಅವಳೇನು ಬುಟ್ಟು ಬರಲಿಲ್ಲ, ಕಾಯಿಲೆ ಕರ್ಕಂಡು ಬಂತು, ಈಗ ಕಾಯಿಲೆ ಹೋಯ್ತು ಎಂದಳು. ಬೇಡ ಅಂತ ಎರಡು ದಿನ ಊಟ ಬಿಟ್ಟವಳು ನೀನೇ ಅಲ್ವಾ ಎಂದು ಅಪ್ಪ ನೆನಪಿಸಿದ.

"ಊಂ, ನಾನೇ. ಈಗ ನಾನೇ ಓಗ್ಲಿ ಅಂತಿವ್ನಿ. ಬೇಕಾದ್ರೆ ಇನ್ನೆರಡ್ ದಿನ ಊಟ ಬುಡ್ತೀನಿ."

ಅಪ್ಪ ಒಂದು ತುತ್ತು ನುಂಗಿ, ಆಷಾಢದಲ್ಲಿ ಯಾರಾದ್ರೂ ಹೆಣ್ಣುಮಗುನ ಹೊರಡಿಸ್ತಾರಾ ಎಂದು ಗೊಣಗಿದ. ಗೊಣಗಿದನೆಂದರೆ ಒಪ್ಪಿದ ಹಾಗೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ನಾನು ವಾಪಸ್ ಕೊಟ್ಟಿದ್ದ ವಾಚನ್ನು ಅಣ್ಣ ನನ್ನ ಕೋಣೆಗೆ ಬಂದು ಮತ್ತೆ ಬಿಚ್ಚಲು ಹೋದ. ಅದು ಇಲ್ಲೇ ಇರಲಿ, ಅತ್ತಿಗೆಗೆ ಮಗುವಿನ ಉಸಿರು ಎಣಿಸಲು ಬೇಕಾಗುತ್ತದೆ ಎಂದು ನಾನು ನಕ್ಕರೆ, ಅತ್ತಿಗೆಯೇ ಹೊಸಿಲು ದಾಟಿ ಬಂದು ಅದನ್ನು ನನ್ನ ಕೈಗೆ ಕಟ್ಟಿದಳು.

ಆಮೇಲೆ ಮೂವತ್ತು ವರ್ಷಕ್ಕೂ ಮಿಕ್ಕಿ ವಾರ್ಡುಗಳಲ್ಲಿ ಕೆಲಸ ಮಾಡಿದೆ, ಎಷ್ಟೋ ಹುಡುಗಿಯರಿಗೆ ಕಲಿಸಿದೆ. ಮಲಗಿರುವವರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಕೈ ಹಿಡಿದವಳು ಬೇಗ ಬಿಡದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮನೆಯವರು ಭಯಕ್ಕೆ ಏನಾದರೂ ಹೆಚ್ಚುಕಡಿಮೆ ಮಾಡಿದರೆ ಬೈಯಿರಿ, ಆದರೆ ಒಂದು ವಾರಕ್ಕಿಂತ ಹೆಚ್ಚು ಬೇಡ. ಕೂರಲಾರದ ನನ್ನ ಚಟ ಇಂದಿಗೂ ಹೋಗಿಲ್ಲ. ರೋಗಿಯ ಪಕ್ಕದ ಆ ಒಂದು ನಿಮಿಷ ಮಾತ್ರ ನನಗೆ ಸಾಲದೆ ಹೋಗುತ್ತದೆ. ಎಷ್ಟು ಸಾವಿರ ಜನರ ಉಸಿರು ಎಣಿಸಿದೆನೋ, ಒಂದು ಎಂದು ಯಾರದನ್ನೂ ಶುರುಮಾಡಲಿಲ್ಲ.

ಹೊರಟ ದಿನ ಅವ್ವ ಅಮೃತೂರಿನ ಬಸ್ ಸ್ಟ್ಯಾಂಡಿಗೆ ಬಂದಳು. ಅಪ್ಪ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸುತ್ತಿದ್ದ. ನಾನು ಹತ್ತಿ ಕಿಟಕಿ ಪಕ್ಕ ಕೂತೆ. ಅವ್ವ ಕೆಳಗಿನಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಡ್ರೈವರು ಹಾರ್ನ್ ಹೊಡೆದರೂ ಬಿಡಲಿಲ್ಲ. ಕಣ್ಣು ಒಮ್ಮೆ ನನ್ನ ಕೈಯ ವಾಚಿನ ಮೇಲೆ, ಒಮ್ಮೆ ನನ್ನ ಎದೆಯ ಮೇಲೆ. ಅವಳ ತುಟಿ ಅಲ್ಲಾಡುತ್ತಿರುವುದನ್ನು ನೋಡಿ ನಾನು ತಲೆ ತಿರುಗಿಸಿ ಎದುರಿನ ಅಂಗಡಿಯ ಕಡೆ ನೋಡುತ್ತಾ ಕೂತೆ, ಏನೂ ಗೊತ್ತಿಲ್ಲದವಳ ಹಾಗೆ. ಸೆಕೆಂಡಿನ ಮುಳ್ಳು ಹೊರಟ ಜಾಗಕ್ಕೆ ಬಂತು.

"ಹತ್ತೊಂಬತ್ತು," ಅಂದಳು. ಕೈ ಬಿಟ್ಟಳು. "ಓಗ್ಬಾ."